ಯಾವ ‘ಗಟ್ಟಿ’? ಬಿರುಕು ತಡೆಯುವ ನಾರಿನ ಪಾಠ

ಹಗರೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಗೆ ಪ್ಲಾಸ್ಟಿಕ್ ಕುರಿತು ಪಾಠ ಮಾಡುತ್ತಿದ್ದೆ. ‘ಪ್ಲಾಸ್ಟಿಕ್ಕಿಗೆ ಗಾಜಿನ ನಾರು ಸೇರಿಸಿದರೆ ಗಟ್ಟಿಯಾಗುತ್ತದೆ’ ಎಂದೆ. ‘ಗಾಜೇ ಬಿದ್ದರೆ ಒಡೆಯುತ್ತಲ್ಲ ಮಿಸ್, ಅದನ್ನ ಸೇರಿಸಿದರೆ ಹೇಗೆ ಗಟ್ಟಿ?’ ಎಂದು ಒಬ್ಬ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪಿದ್ದುದು ನಾನು ಬಳಸಿದ ಪದದಲ್ಲಿ. ಗೀರು ಬೀಳದಿರುವುದು ಕಠಿಣತೆ. ಭಾರ ತಾಳುವುದು ಬಲ. ಇರುವ ಬಿರುಕು ಮುಂದೆ ಓಡದಂತೆ ತಡೆಯುವುದು ಮೂರನೆಯ ಗುಣ. ಎಂಜಿನಿಯರುಗಳು ಇದನ್ನು ಫ್ರ್ಯಾಕ್ಚರ್ ಟಫ್‌ನೆಸ್ ಎನ್ನುತ್ತಾರೆ. ಗಾಜು ಕಠಿಣ, ಆದರೆ ಮೂರನೆಯ ಗುಣದಲ್ಲಿ ಬಡವ. ಅದರ ಬಲ ಕುಗ್ಗಲು ಮೇಲ್ಮೈಯ ಸೂಕ್ಷ್ಮ ಬಿರುಕುಗಳೇ ಕಾರಣವೆಂದೂ ಎಳೆ ತೆಳುವಾದಷ್ಟೂ ಗಾಜಿನ ಬಲ ಹೆಚ್ಚುತ್ತದೆಂದೂ ಗ್ರಿಫಿತ್ 1921ರಲ್ಲಿ ತೋರಿಸಿದರು. ಬಿರುಕಿನ ಉದ್ದ ನಾಲ್ಕು ಪಟ್ಟಾದರೆ ವಸ್ತು ತಾಳುವ ಎಳೆತ ಅರ್ಧಕ್ಕಿಳಿಯುತ್ತದೆ.

ಮುಂದಿನ ವಾರ ಜೇಡಿಮಣ್ಣಿನ ಎರಡು ಪಟ್ಟಿಗಳನ್ನು ಒಣಗಿಸಿ ತಂದೆ. ಒಂದಕ್ಕೆ ತೆಂಗಿನ ನಾರು ಕಲಸಿದ್ದೆ. ಈ ಕಡೆ ಅದಕ್ಕೇನೂ ಕೊರತೆಯಿಲ್ಲ. ಎರಡರ ನಡುವೆಯೂ ಗರಗಸದಿಂದ ಒಂದೇ ಅಳತೆಯ ಕಚ್ಚು ಮಾಡಿ, ತುದಿಗಳಿಗೆ ಆಸರೆ ಕೊಟ್ಟು ನಡುವೆ ಭಾರ ತೂಗುಹಾಕಿದೆವು. ಬರಿಮಣ್ಣಿನದು ಪಟ್ಟನೆ ಎರಡಾಯಿತು. ನಾರಿನದು ಬಿರುಕು ಬಿಟ್ಟರೂ ಬೀಳಲಿಲ್ಲ. ಬಿರುಕಿನಲ್ಲಿ ಸೇತುವೆಯಂತೆ ಅಡ್ಡನಿಂತ ಎಳೆಗಳನ್ನು ಮಕ್ಕಳೇ ತೋರಿಸಿದರು. ನಾರನ್ನು ಕಿತ್ತೆಳೆಯಲು ಶಕ್ತಿ ವ್ಯಯವಾಗುತ್ತದೆ; ಬಿರುಕು ಸುಲಭವಾಗಿ ಓಡುವುದಿಲ್ಲ.

ರಾಳದಲ್ಲಿ ಎರಡು ಬಗೆಯ ನಾರು ಸೇರಿಸಿದರೆ ಅದು ಹೈಬ್ರಿಡ್ ಕಾಂಪೊಸಿಟ್. ಗಾಜಿನ ನಾರು ಹೆಚ್ಚು ಭಾರ ಹೊರುತ್ತದೆ, ಆದರೆ ತನ್ನ ಉದ್ದದ ಶೇ 3–4ರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ. ತೆಂಗಿನ ನಾರಿನ ಬಲ ಕಡಿಮೆ. ಆದರೂ ಶೇ 15ಕ್ಕೂ ಹೆಚ್ಚು ಹಿಗ್ಗಬಲ್ಲದು. ಹಾಗಾಗಿ ಮೊದಲನೆಯದು ತುಂಡಾದ ಮೇಲೂ ಎರಡನೆಯದು ಬಿರುಕನ್ನು ಹಿಡಿದಿರಬಹುದು. ಆದರೆ ಬೆರೆಸಿದ ಮಾತ್ರಕ್ಕೆ ಲಾಭ ಖಚಿತವಲ್ಲ. ರಾಳಕ್ಕೆ ನಾರು ಸರಿಯಾಗಿ ಅಂಟದಿದ್ದರೆ ಭಾರ ದಾಟುವುದಿಲ್ಲ. ಅತಿಯಾಗಿ ಅಂಟಿದರೆ ನಾರು ಜಾರದೆ ತುಂಡಾಗುತ್ತದೆ. ತೆಂಗಿನ ನಾರಿನ ಮೇಲಿನ ಮೇಣದಂಥ ಪದರ ಅಂಟಿಗೆ ಅಡ್ಡಿ; ಅದನ್ನು ತೆಗೆಯಲು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ತೊಳೆಯುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ, 1993ರಲ್ಲಿ ಮೊದಲು ಹಾರಿದ ಹಂಸ ವಿಮಾನದ ಮೈ ನಾರು–ರಾಳದ್ದೇ ಎಂದಾಗ ಆ ಹುಡುಗಿ, ‘ಹಾಗಾದರೆ ಅದರಲ್ಲೂ ಬಿರುಕು ಇರುತ್ತಾ?’ ಎಂದಳು. ಇರಬಹುದು, ಅದು ಬೆಳೆಯದಂತೆ ನೋಡಿಕೊಳ್ಳುವುದೇ ವಿನ್ಯಾಸಕರ ಕೆಲಸ ಎಂದು ಈ ಸಲ ಉತ್ತರಿಸಲಾಯಿತು.

ಈ ಪ್ರಯೋಗ ಮಾಡುವವರಿಗೆ ಒಂದು ಸೂಚನೆ: ಮಣ್ಣಿನ ಪಟ್ಟಿ ನಾರಿನ ಕೆಲಸವನ್ನಷ್ಟೇ ತೋರಿಸುತ್ತದೆ, ಹೈಬ್ರಿಡ್‌ನದನ್ನಲ್ಲ. ಅದನ್ನು ಮಕ್ಕಳಿಗೆ ಮೊದಲೇ ಹೇಳಿ. ಪಾಠಯೋಜನೆಯಲ್ಲಿ ‘ಗಟ್ಟಿ’ ಎಂದು ಬರೆದಿದ್ದರೆ, ಯಾವ ಗುಣವೆಂದು ಪಕ್ಕದಲ್ಲೇ ಬರೆದುಕೊಳ್ಳಿ.