ಗಾಲಿಯ ಮೇಲಿನ ಮನೆಯಲ್ಲಿ ಅಜ್ಜ-ಅಜ್ಜಿ

ಮಕ್ಕಳೇ, ಸಿನಿಮಾ ಶೂಟಿಂಗ್ ನಡೆಯುವ ಕಡೆ ನಟರಿಗಾಗಿ ನಿಲ್ಲಿಸುವ ಉದ್ದನೆಯ ಕ್ಯಾರವಾನ್ ಗಾಡಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಒಳಗೆ ಹಾಸಿಗೆ, ಒಲೆ, ಫ್ರಿಜ್, ಬಚ್ಚಲು, ಶೌಚಾಲಯ ಎಲ್ಲವೂ ಇರುತ್ತವೆ. ಅಮೆರಿಕದಲ್ಲಿ ಇಂಥ ಗಾಡಿಗೆ ‘ಆರ್‌ವಿ’ ಅಂತಾರೆ. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಊರಿನ ಸುತ್ತಮುತ್ತ ಇವುಗಳ ಕಾರ್ಖಾನೆಗಳು ತುಂಬಿವೆ. ನಿವೃತ್ತರಾದ ಎಷ್ಟೋ ಮಂದಿ ಚಳಿಗಾಲ ಬಂತೆಂದರೆ ಉತ್ತರದ ಹಿಮ ಬಿಟ್ಟು, ಗಾಡಿ ಹೊರಡಿಸಿಕೊಂಡು, ಅರಿಜೋನಾ, ಫ್ಲೋರಿಡಾ ಕಡೆಗೆ ಹೋಗುತ್ತಾರೆ. ವಲಸೆ ಹಕ್ಕಿಗಳ ಹಾಗೆ ಹೋಗಿಬರುವ ಇವರಿಗೆ ‘ಹಿಮಹಕ್ಕಿ’ ಅಂತಲೇ ಅಡ್ಡಹೆಸರು. ಕೇರಳ ಸರ್ಕಾರವೂ 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆ ಪ್ರಕಟಿಸಿತು. ಹಾಗಾಗಿ ಕಾಸರಗೋಡು, ವಯನಾಡಿನ ಮಕ್ಕಳಿಗೆ ಇದು ತೀರಾ ದೂರದ ಮಾತಲ್ಲ.

ಆದರೆ ಒಂದು ತೊಡಕು ಇದೆ. ರಸ್ತೆಯ ನಿಯಮದಂತೆ ಅಮೆರಿಕದಲ್ಲಿ ಇಂಥ ಗಾಡಿಯ ಅಗಲ ಸಾಮಾನ್ಯವಾಗಿ 2.6 ಮೀಟರ್ ದಾಟುವುದಿಲ್ಲ. ಅಷ್ಟರೊಳಗೆ ಇಡೀ ಮನೆ ಕೂರಿಸಬೇಕು. ಆದ್ದರಿಂದ ದಾರಿ ಇಕ್ಕಟ್ಟು, ಮೆಟ್ಟಿಲು ಎತ್ತರ, ಹಾಸಿಗೆ ತೆಳ್ಳಗೆ. ಇಪ್ಪತ್ತೈದು ವರ್ಷದವರಿಗೆ ಇದೆಲ್ಲ ಮಜಾ. ಎಪ್ಪತ್ತು ದಾಟಿದವರಿಗೆ ಒಂದೊಂದೂ ಅಡ್ಡಿ. ಬಿದ್ದು ಪೆಟ್ಟಾಗಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಅಂದಮೇಲೆ ಗಾಡಿಯ ಒಳಗನ್ನು ಹಿರಿಯರಿಗೆ ಹೊಂದಿಸುವುದು ಬರೀ ಸುಖದ ಮಾತಲ್ಲ, ಜೀವದ ಮಾತು. ಅದಕ್ಕೆ ಬೇಕಾದ ವಿಜ್ಞಾನ ನಿಮ್ಮ ಪಾಠಪುಸ್ತಕದಲ್ಲೇ ಇದೆ!

1. ಮೆಟ್ಟಿಲಿನ ಲೆಕ್ಕ

ಗಾಡಿಯ ಒಳನೆಲ ಭೂಮಿಯಿಂದ 75 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ಅದನ್ನು ಮೂರು ಹೆಜ್ಜೆಯಲ್ಲಿ ಹತ್ತಿದರೆ ಒಂದೊಂದು ಹೆಜ್ಜೆ 25 ಸೆಂ.ಮೀ. ಐದು ಹೆಜ್ಜೆ ಮಾಡಿದರೆ ಒಂದೊಂದು 15 ಸೆಂ.ಮೀ. 60 ಕೆ.ಜಿ. ತೂಕದ ಅಜ್ಜಿ ಮೊದಲನೆಯದರಲ್ಲಿ ಪ್ರತಿ ಹೆಜ್ಜೆಗೆ 60 × 10 × 0.25 = 150 ಜೂಲ್ ಕೆಲಸ ಮಾಡಬೇಕು. ಎರಡನೆಯದರಲ್ಲಿ 90 ಜೂಲ್ ಸಾಕು. ಒಟ್ಟು ಕೆಲಸ ಎರಡರಲ್ಲೂ 450 ಜೂಲ್, ಅದೇನೂ ಕಡಿಮೆಯಾಗಲಿಲ್ಲ. ಆದರೆ ಮೊಣಕಾಲು ಒಂದು ಸಲಕ್ಕೆ ಹೊರಬೇಕಾದ ಶ್ರಮ ಕಡಿಮೆಯಾಯಿತು. ಅದಕ್ಕೇ ಹಿರಿಯರಿರುವ ಗಾಡಿಯ ಬಾಗಿಲ ಮುಂದೆ ಅಗಲವಾದ, ಅಲುಗಾಡದ ಹೆಚ್ಚುವರಿ ಮೆಟ್ಟಿಲು ಇಡುತ್ತಾರೆ.

ಜೊತೆಗೆ ಹಿಡಿದುಕೊಳ್ಳಲು ಸರಳು ಬೇಕು. ಅಮೆರಿಕದ ಅಂಗವಿಕಲರ ಸೌಲಭ್ಯದ ನಿಯಮದ ಪ್ರಕಾರ ಇಂಥ ಸರಳು ಸುಮಾರು 113 ಕೆ.ಜಿ. ಭಾರ ತಡೆಯಬೇಕು. ಆರ್‌ವಿಯ ಗೋಡೆ ಬಹಳ ಕಡೆ ತೆಳು ಹಲಗೆ. ಅದಕ್ಕೆ ಬರೀ ತಿರುಪು ಹಾಕಿದರೆ ಜೋರಾಗಿ ಎಳೆದಾಗ ಕಿತ್ತು ಬರುತ್ತದೆ. ಒಳಗಿನ ಚೌಕಟ್ಟಿಗೆ ಸೇರಿಸಿ, ಇಲ್ಲವೇ ಹಿಂಬದಿಗೆ ದಪ್ಪ ತಗಡು ಕೊಟ್ಟು ಬಿಗಿಯಬೇಕು. ತಗಡು ಆ ಬಲವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ.

2. ಕೂತು ಏಳುವುದು

ತಗ್ಗಾದ ಸೋಫಾದಿಂದ ಅಜ್ಜ ಏಳುವುದನ್ನು ಗಮನಿಸಿ. ಮೊದಲು ಮುಂದಕ್ಕೆ ಬಾಗುತ್ತಾರೆ, ಆಮೇಲೆ ಏಳುತ್ತಾರೆ. ಕೂತಾಗ ಮೈಭಾರ ಮೊಣಕಾಲಿನಿಂದ ದೂರ, ಹಿಂದೆ ಇರುತ್ತದೆ. ಆ ದೂರ ಹೆಚ್ಚಿದಷ್ಟೂ ಮೊಣಕಾಲಿನ ಸುತ್ತ ಭಾರದ ತಿರುಗಿಸುವ ಪರಿಣಾಮ ಹೆಚ್ಚು, ತೊಡೆಯ ಸ್ನಾಯು ಅಷ್ಟೇ ಜೋರಾಗಿ ಎಳೆಯಬೇಕು. ಮುಂದೆ ಬಾಗಿದಾಗ ಭಾರ ಮೊಣಕಾಲಿನ ಹತ್ತಿರ ಬರುತ್ತದೆ. ಕೂರುವ ಜಾಗ ಎತ್ತರವಾಗಿದ್ದರೆ ಮೈಯನ್ನು ಮೇಲಕ್ಕೆತ್ತುವ ದೂರವೂ ಕಡಿಮೆ. ಅದೇ ನಿಯಮಗಳಲ್ಲಿ ಕಮೋಡಿನ ಎತ್ತರ 43ರಿಂದ 48 ಸೆಂ.ಮೀ. ಅಂತ ಇಟ್ಟಿದ್ದಾರೆ. ಗಾಡಿಯ ಸೋಫಾ, ಹಾಸಿಗೆಯನ್ನೂ ಹತ್ತಿರ ಹತ್ತಿರ ಅಷ್ಟಕ್ಕೇ ಏರಿಸಿ, ಪಕ್ಕಕ್ಕೆ ಕೈಯೂರುವ ಗಟ್ಟಿ ಆಸರೆ ಕೊಟ್ಟರೆ ತೋಳುಗಳೂ ಭಾರ ಹಂಚಿಕೊಳ್ಳುತ್ತವೆ.

3. ಹಾಸಿಗೆ ಮತ್ತು ನಲ್ಲಿ

ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ. ತೆಳುವಾದ ಗಟ್ಟಿ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿದರೆ ಭುಜ, ಸೊಂಟ ಎರಡೇ ಕಡೆ ಭಾರ ಬೀಳುತ್ತದೆ. ಮೆತ್ತನೆಯ ಫೋಮ್ ಹಾಸಿದರೆ ಅದು ಮೈಯ ಆಕಾರಕ್ಕೆ ಬಗ್ಗಿ, ಹೆಚ್ಚು ವಿಸ್ತೀರ್ಣಕ್ಕೆ ಭಾರ ಹಂಚುತ್ತದೆ. ಹಾಗಂತ ತೀರಾ ಮೆತ್ತಗಾದರೆ ಮೈ ಹೂತುಹೋಗಿ ಏಳುವುದೇ ಕಷ್ಟ.

ಇನ್ನು ನಲ್ಲಿ. ಬೆರಳಿನ ಗಂಟು ನೋಯುವವರಿಗೆ ಗುಂಡಗಿನ ತಿರುಪು ತಿರುಗಿಸುವುದು ಬಲು ಕಷ್ಟ. ಅದರ ತ್ರಿಜ್ಯ 2 ಸೆಂ.ಮೀ. ಇದ್ದು, ಅದರ ಬದಲು 8 ಸೆಂ.ಮೀ. ಉದ್ದದ ಹಿಡಿ ಹಾಕಿದರೆ? ನಾಲ್ಕರಲ್ಲಿ ಒಂದು ಪಾಲು ಬಲ ಸಾಕು. ಸನ್ನೆಕೋಲಿನ ಪಾಠ ನೆನಪಾಯಿತಲ್ಲ!

4. ಅಜ್ಜನ ಕಣ್ಣಿಗೆ ಎಷ್ಟು ಬೆಳಕು ಬೇಕು?

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಇಪ್ಪತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರವರಿಗೆ ತಲುಪುತ್ತದೆ. ನಿಮಗೆ ‘ಚೆನ್ನಾಗಿ ಕಾಣ್ತದೆ’ ಅನಿಸಿದ ಕೋಣೆ ಅವರಿಗೆ ಮಬ್ಬು. ಆದರೆ ಕಣ್ಣಿಗೆ ಹೊಡೆಯುವ ಒಂದೇ ಬಲ್ಬು ಹಾಕಿದರೂ ಉಪಯೋಗವಿಲ್ಲ, ಕಣ್ಣು ಕೋರೈಸುತ್ತದೆ. ಮೆತ್ತನೆಯ ನಾಲ್ಕೈದು ದೀಪ ಹರಡಿ ಹಾಕಬೇಕು. ಹಾಸಿಗೆಯಿಂದ ಶೌಚಾಲಯದವರೆಗೆ ನೆಲದ ಹತ್ತಿರ ಸಣ್ಣ ಎಲ್‌ಇಡಿ ದೀಪಗಳಿದ್ದರೆ ನಡುರಾತ್ರಿ ಎದ್ದವರು ಎಡವುವುದಿಲ್ಲ. ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಅಂಟಿಸಿದರೆ ಅಂಚು ಎದ್ದು ಕಾಣುತ್ತದೆ. ಆ ಪಟ್ಟಿ ತರಿತರಿಯಾಗಿದ್ದರೆ ಘರ್ಷಣೆಯೂ ಹೆಚ್ಚಿ ಕಾಲು ಜಾರುವುದಿಲ್ಲ.

5. ಚಳಿ ಮತ್ತು ತೇವ

ಎಷ್ಟೋ ಆರ್‌ವಿಗಳ ಚೌಕಟ್ಟು ಅಲ್ಯೂಮಿನಿಯಂ. ಹಗುರ, ಆದರೆ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಉಷ್ಣವಾಹಕ. ಒಳಗಿನ ಬಿಸಿ ಆ ದಾರಿ ಹಿಡಿದು ಹೊರಗೆ ಹೋಗುತ್ತದೆ. ಹಿರಿಯರ ಮೈ ನಡುಗಿ ಬಿಸಿ ಹುಟ್ಟಿಸುವುದು ಕಡಿಮೆ; ಚಳಿಯಾಗುತ್ತಿದೆ ಎಂಬ ಅರಿವೂ ಅವರಿಗೆ ತಡವಾಗಿ ಬರಬಹುದು. ಕಿಟಕಿಗೆ ಫೋಮ್ ಹಲಗೆ, ದಪ್ಪ ಪರದೆ, ನೆಲಕ್ಕೆ ಜಾರದ ಜಮಖಾನ ಹಾಕಿದರೆ ಅವುಗಳೊಳಗೆ ಸಿಕ್ಕಿಕೊಂಡ ನಿಶ್ಚಲ ಗಾಳಿಯೇ ಉಷ್ಣವನ್ನು ತಡೆಯುತ್ತದೆ. ಕಂಬಳಿ ಕೆಲಸ ಮಾಡುವುದೂ ಹೀಗೇ.

ಬೆಳಗ್ಗೆ ಕಿಟಕಿ ತುಂಬ ನೀರಹನಿ ಕಾಣುತ್ತದೆ. ಅದು ಮಲಗಿದವರ ಉಸಿರಿನ ಆವಿ. ಒಲೆಯ ಗ್ಯಾಸಿನಿಂದಲೂ ನೀರು ಬರುತ್ತದೆ ಅಂದರೆ ನಂಬುತ್ತೀರಾ? ಪ್ರೊಪೇನಿನ ಒಂದು ಅಣುವಿನಲ್ಲಿ 8 ಹೈಡ್ರೋಜನ್ ಪರಮಾಣು ಇವೆ. ಉರಿದಾಗ ಅವು 4 ನೀರಿನ ಅಣುಗಳಾಗುತ್ತವೆ. ಲೆಕ್ಕ ಹಾಕಿದರೆ 44 ಗ್ರಾಂ ಪ್ರೊಪೇನಿಗೆ 72 ಗ್ರಾಂ ನೀರು! ಈ ತೇವದಿಂದ ಮೂಲೆಗಳಲ್ಲಿ ಬೂಷ್ಟು ಬೆಳೆದು ಉಬ್ಬಸದವರಿಗೆ ತೊಂದರೆ. ಆದ್ದರಿಂದ ಚಳಿಯಲ್ಲೂ ಚೂರು ಗಾಳಿಯಾಡಬೇಕು.

6. ಕಾಣದ ವಿಷ

ಗಾಳಿಯಾಡಬೇಕು ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಆಮ್ಲಜನಕ ಸಾಲದೆ ಇಂಧನ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಂಡು, ಆಮ್ಲಜನಕ ಸಾಗದ ಹಾಗೆ ಮಾಡುತ್ತದೆ. ಹೃದಯ ದುರ್ಬಲವಿರುವ ಹಿರಿಯರಿಗೆ ಅಪಾಯ ಇನ್ನೂ ಜಾಸ್ತಿ. ಹಾಗಾಗಿ ಆರ್‌ವಿಯಲ್ಲಿ ಅಡುಗೆ ಒಲೆಯನ್ನು ಚಳಿ ಕಾಯಿಸಲು ಉರಿಸಲೇಬಾರದು. ಮಲಗುವ ಕಡೆ ಈ ಅನಿಲದ ಎಚ್ಚರಿಕೆ ಗಂಟೆ ಇರಲೇಬೇಕು. ನೀಲಗಿರಿಯ ಚಳಿಯಲ್ಲಿ ಬಾಗಿಲು ಮುಚ್ಚಿ, ಇದ್ದಿಲು ಕೆಂಡ ಒಳಗಿಟ್ಟು ಮಲಗಬಾರದು ಅನ್ನುವುದೂ ಇದೇ ಕಾರಣಕ್ಕೆ.

7. ಬ್ಯಾಟರಿ ರಾತ್ರಿಯಿಡೀ ಬರುತ್ತದಾ?

ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು ಗಾಳಿ ಒತ್ತುವ ಒಂದು ಯಂತ್ರ ಹಾಕಿಕೊಂಡು ಮಲಗುತ್ತಾರೆ. ಅದು 40 ವಾಟ್ ಎಳೆಯುತ್ತದೆ ಅಂದುಕೊಂಡರೆ 8 ಗಂಟೆಗೆ 320 ವಾಟ್-ಗಂಟೆ ಬೇಕು. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವಾಟ್-ಗಂಟೆ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಬೇಗ ಹಾಳಾಗದಿರಲು ಅರ್ಧದಷ್ಟೇ ಬಳಸಬೇಕು, ಅಂದರೆ 600. ಯಂತ್ರಕ್ಕೆ ಕೊಟ್ಟು 280 ಉಳಿಯಿತು. 5 ವಾಟಿನ ನಾಲ್ಕು ಎಲ್‌ಇಡಿ ದೀಪ 8 ಗಂಟೆ ಉರಿದರೆ 160. ಸಾಕಾಯಿತು! ಎಲ್‌ಇಡಿ ಬದಲು 40 ವಾಟಿನ ಹಳೇ ಬಲ್ಬು ಒಂದೇ ಹಾಕಿದರೂ 320 ಬೇಕು. ಸಾಲುವುದಿಲ್ಲ.

ಮಾಡಿ ನೋಡಿ

ನಮ್ಮಲ್ಲಿ ಆರ್‌ವಿ ಇಲ್ಲ, ಸರಿ. ಅಜ್ಜ-ಅಜ್ಜಿ ಇದ್ದಾರಲ್ಲ! ಇವತ್ತು ಸಂಜೆ ಒಂದು ಅಳತೆ ಟೇಪು, ವಹಿ ಹಿಡಿದು ಕೂರಿ.

• ಜಗಲಿ ಮೆಟ್ಟಿಲು, ಹೊಸ್ತಿಲು, ಬಚ್ಚಲ ಕಟ್ಟೆ ಇವುಗಳ ಎತ್ತರ ಅಳೆದು ಬರೆಯಿರಿ. 18 ಸೆಂ.ಮೀ.ಗಿಂತ ಹೆಚ್ಚಿರುವುದು ಯಾವುದು?
• ಅವರು ಕೂರುವ ಮಂಚ, ಕುರ್ಚಿಯ ಎತ್ತರ ಎಷ್ಟು? ಕೈಯೂರದೆ ಏಳುತ್ತಾರಾ?
• ಅವರು ಮಲಗುವ ಜಾಗದಿಂದ ಬಚ್ಚಲವರೆಗೆ ರಾತ್ರಿ ದೀಪ ಆರಿಸಿ, ದೊಡ್ಡವರೊಬ್ಬರ ಕೈ ಹಿಡಿದು ನಡೆದು ನೋಡಿ. ಎಡವುವಂಥದ್ದು ಏನೇನಿದೆ?
• ಬಚ್ಚಲ ನೆಲ ಒದ್ದೆಯಾದಾಗ ಜಾರುತ್ತದಾ? ಹಿಡಿದುಕೊಳ್ಳಲು ಏನಿದೆ?

ಮುಖ್ಯವಾಗಿ, ಯಾವುದು ಕಷ್ಟ ಅಂತ ಅವರನ್ನೇ ಕೇಳಿ. ಪಟ್ಟಿಯಲ್ಲಿ ದುಡ್ಡಿಲ್ಲದೆ ಸರಿಮಾಡಬಹುದಾದ ಒಂದನ್ನು ಆರಿಸಿ ಈ ವಾರವೇ ಮಾಡಿ. ಅದರ ಹಿಂದಿನ ವಿಜ್ಞಾನದ ತತ್ವ ಯಾವುದು ಎಂದು ವಹಿಯಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿ.