ಅರಮನೆಯ ಪಿಯಾನೊ, ಅರಮನೆಯ ಚದುರಂಗ

ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ವಾದಕರೂ ಹೌದು, ವಾಗ್ಗೇಯಕಾರರೂ ಹೌದು. ಅವರ ಮುತ್ತಾತ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಬಂಧಗಳನ್ನು ಕಟ್ಟುವುದರಲ್ಲಿ ದೊಡ್ಡ ಹೆಸರು. ಸಂಗೀತ ಮತ್ತು ಚದುರಂಗ ಎರಡಕ್ಕೂ ಒಂದೇ ಮನೆತನದಲ್ಲಿ ಇಷ್ಟು ಎತ್ತರದ ಸ್ಥಾನ ಸಿಕ್ಕಿದ್ದು ಕನ್ನಡ ನಾಡಿನಲ್ಲಿ ಅಪರೂಪ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಈ ಮಹಾರಾಜರ ನಂಟು ತಡವಾಗಿ ಬಂತು. ಈ ತಾಲ್ಲೂಕುಗಳಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಆಡಳಿತದಲ್ಲಿದ್ದುದರಿಂದ ಇಲ್ಲಿನವರು ಮೈಸೂರಿನ ಪ್ರಜೆಗಳಾಗಿರಲಿಲ್ಲ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಲ್ಲೇ ಇತ್ತು. ಅಂದು ಮೈಸೂರಿನ ರಾಜಪ್ರಮುಖರಾಗಿದ್ದವರು ಜಯಚಾಮರಾಜೇಂದ್ರ ಒಡೆಯರೇ. ಆ ಹೊತ್ತಿಗಾಗಲೇ ಲಂಡನ್ನಿನ ಸಂಗೀತ ವಲಯದಲ್ಲಿ ಅವರ ಹೆಸರು ಪರಿಚಿತವಾಗಿತ್ತು.

ಅವರು ಹುಟ್ಟಿದ್ದು 1919ರ ಜುಲೈ 18ರಂದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗನಾಗಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ವೀಣೆ ಶೇಷಣ್ಣನವರಂಥ ವೈಣಿಕರು ಪಿಯಾನೊವನ್ನೂ ನುಡಿಸುತ್ತಿದ್ದ ಕಾಲ ಅದು. ಹುಡುಗ ಜಯಚಾಮರಾಜರಿಗೆ ಪಿಯಾನೊ ಪಾಠ ಹೇಳಿದವರು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್. 1938ರಲ್ಲಿ ಮಹಾರಾಜಾ ಕಾಲೇಜಿನ ಪದವಿ ಮುಗಿಯಿತು. ಪಿಯಾನೊ ವಾದನದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ದೊರೆಯಿತು, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಬಂತು.

ರಷ್ಯಾದ ಮಹಾನ್ ಪಿಯಾನೊ ವಾದಕ ಸೆರ್ಗೈ ರಾಹ್ಮಾನಿನೊಫ್ ಅವರ ಬಳಿ ಕಲಿತು ಕಛೇರಿಯ ವೇದಿಕೆ ಏರಬೇಕೆಂಬುದು ಅವರ ಆಸೆ. 1940ರ ಮಾರ್ಚ್ 11ರಂದು ತಂದೆ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪನವರೂ ಹೋದರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಜಯಚಾಮರಾಜರು ಪಟ್ಟಕ್ಕೆ ಬಂದರು. ಪಿಯಾನೊ ವಾದಕನ ವೃತ್ತಿ ಶುರುವಾಗುವ ಮೊದಲೇ ಕೈತಪ್ಪಿತು. ಅವರ ಮುಂದಿನ ಸಂಗೀತ ಜೀವನವನ್ನೆಲ್ಲ ಈ ನಷ್ಟದ ಹಿನ್ನೆಲೆಯಲ್ಲಿ ಇಟ್ಟು ನೋಡಿದರೇ ಅದರ ತೀವ್ರತೆ ತಿಳಿಯುತ್ತದೆ.

ತಾವು ನುಡಿಸಲಾಗದ ವೇದಿಕೆಯನ್ನು ಅವರು ಬೇರೆಯವರಿಗೆ ಕಟ್ಟಿಕೊಟ್ಟರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕರು ಮುದಿವಯಸ್ಸಿನಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ಅವರ ಸಂಗೀತಕ್ಕೆ ಕೇಳುಗರು ಕಡಿಮೆ, ಆರೋಗ್ಯವೂ ಕೆಟ್ಟಿತ್ತು. ಮೈಸೂರಿನ ಮಹಾರಾಜರು ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು ಅವರ ಮೂರೂ ಪಿಯಾನೊ ಕನ್ಚರ್ಟೊಗಳನ್ನು, ಹಲವು ಸೊನಾಟ ಮತ್ತು ಹಾಡುಗಳನ್ನು ಧ್ವನಿಮುದ್ರಿಸಲು ನೆರವಾದರು. ಮೆಟ್ನರ್ ತಮ್ಮ ಮೂರನೆಯ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ಕಣ್ಮುಚ್ಚುವ ಹೊತ್ತಿಗೆ ಅವರದೇ ಬೆರಳುಗಳ ನಾದ ರೆಕಾರ್ಡುಗಳಲ್ಲಿ ಉಳಿದಿತ್ತು. ಇಂದು ಮೆಟ್ನರ್ ಅವರನ್ನು ಅಭ್ಯಸಿಸುವ ಯಾವ ಪಿಯಾನೊ ವಾದಕನಿಗೂ ಆ ರೆಕಾರ್ಡುಗಳೇ ಮೂಲ.

1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದ ಫಿಲಾರ್ಮೊನಿಯಾ ಆರ್ಕೆಸ್ಟ್ರಾಕ್ಕೂ ಮೈಸೂರಿನ ನೆರವು ಹೋಯಿತು. 1948ರಲ್ಲಿ ಅದರ ಕನ್ಸರ್ಟ್ ಸೊಸೈಟಿಗೆ ಮಹಾರಾಜರೇ ಮೊದಲ ಅಧ್ಯಕ್ಷರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊತ್ತಮೊದಲು ಕೇಳಿಬಂದವು. ಹಾಡಿದವರು ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ಖರ್ಚಿಗೆ ಜಾಮೀನು ನಿಂತವರು ಮೈಸೂರಿನ ಮಹಾರಾಜರು. ಅವರಿಗೆ ಹೋಗಲಾಗಲಿಲ್ಲ, ಕಾರ್ಯಕ್ರಮದ ಧ್ವನಿಮುದ್ರಣವನ್ನು ಮೈಸೂರಿಗೆ ಕಳಿಸಲಾಯಿತು.

ಪಿಯಾನೊದಲ್ಲಿ ಇಷ್ಟು ಪಳಗಿದವರು ಸ್ವತಃ ರಚನೆಗೆ ತೊಡಗಿದಾಗ ಆರಿಸಿಕೊಂಡದ್ದು ಕರ್ನಾಟಕ ಸಂಗೀತವನ್ನು. ಅದಕ್ಕೆ ಕಾರಣವನ್ನು ವಾದ್ಯದಲ್ಲೇ ಕಾಣಬಹುದು. ಕೊಟ್ಟೂರು, ಹಡಗಲಿ ಕಡೆ ನಾಟಕದ ಪೇಟಿ (ಹಾರ್ಮೋನಿಯಂ) ಮಾಸ್ತರರ ಕೈಯನ್ನು ನೋಡಿದವರಿಗೆ ಪಿಯಾನೊದ ಮಣೆ ಹೊಸದಲ್ಲ. ಕರಿ ಬಿಳಿ ಕೀಲಿಗಳ ಸಾಲು ಎರಡಕ್ಕೂ ಒಂದೇ. ಪೇಟಿಯಲ್ಲಿ ತಿದಿಯ ಗಾಳಿ ಲೋಹದ ನಾಲಗೆಯನ್ನು ಅದುರಿಸುತ್ತದೆ, ಗಾಳಿ ಇರುವಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ 88 ಕೀಲಿ. ಪ್ರತಿಯೊಂದರ ಹಿಂದೆ ಒಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ, ಬಡಿದ ಮರುಗಳಿಗೆಯಿಂದಲೇ ನಾದ ಇಳಿಯತೊಡಗುತ್ತದೆ. ಎರಡರಲ್ಲೂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಇಲ್ಲ, ಗಮಕ ಮೂಡುವುದಿಲ್ಲ. ಗಮಕವಿಲ್ಲದೆ ತೋಡಿ ರಾಗ ತೋಡಿಯಾಗದು. ಹಾಗಾಗಿ ಜಯಚಾಮರಾಜರು ಮೈಸೂರು ವಾಸುದೇವಾಚಾರ್ಯರಲ್ಲಿ ಗಾಯನದ ಪಾಠವನ್ನೂ ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನೂ ಕಲಿತು, ಆ ಭಾಷೆಯಲ್ಲೇ ಬರೆದರು.

1945ರ ಆಗಸ್ಟ್‌ನಿಂದ 1947ರ ಸೆಪ್ಟೆಂಬರ್ ಒಳಗೆ 94 ಕೃತಿಗಳು ಹುಟ್ಟಿದವು. ಮೊದಲನೆಯದು ಅಠಾಣ ರಾಗದ ಗಣಪತಿ ಕೃತಿ. ಅವೆಲ್ಲ ಸಂಸ್ಕೃತದಲ್ಲಿವೆ, ಅಂಕಿತ ಶ್ರೀವಿದ್ಯಾ. ಒಂದು ರಾಗದಲ್ಲಿ ಒಂದೇ ಕೃತಿ, ಬಳಸಿದ ರಾಗ ಮರಳಿ ಬರುವುದಿಲ್ಲ. ರಾಗದ ಹೆಸರನ್ನು ಸಾಹಿತ್ಯದ ಅರ್ಥ ಕೆಡದಂತೆ ಒಳಗೆ ಹೆಣೆಯಬೇಕು, ಅಂಕಿತವೂ ಬರಬೇಕು, ತಾಳದ ಲೆಕ್ಕ ತಪ್ಪಬಾರದು. ಭೋಗವಸಂತ, ದುರ್ವಾಂಕಿ, ಪ್ರತಾಪವರಾಳಿಯಂಥ ಅಪರೂಪದ ರಾಗಗಳನ್ನು ಅವರು ಕೈಗೆತ್ತಿಕೊಂಡರು. ತಾಳಗಳಲ್ಲೂ ಸುಲಭದ ಆದಿತಾಳಕ್ಕೇ ಅಂಟಿಕೊಳ್ಳಲಿಲ್ಲ.

ಇಷ್ಟೊಂದು ಕಟ್ಟುಪಾಡನ್ನು ತಾನೇ ಹಾಕಿಕೊಂಡು ಅದರೊಳಗೆ ಚೆಲುವನ್ನು ಹುಡುಕುವ ಬುದ್ಧಿ ಆ ಮನೆಯಲ್ಲಿ ಹೊಸದಾಗಿರಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿಯವರಿಗೆ ಉಳಿದದ್ದು ಅರಮನೆ ಮತ್ತು ವಿದ್ವಾಂಸರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಗ್ರಂಥ, ಚಿತ್ರ, ಸಂಗೀತ, ಆಟಗಳಲ್ಲಿ ಮುಳುಗಿದ್ದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗ ಕೌತುಕನಿಧಿ ಆಟಗಳಿಗೇ ಮೀಸಲು. ಸಂಗೀತಕ್ಕೆ ಸಂಬಂಧಿಸಿದ ಸ್ವರಚೂಡಾಮಣಿಯೂ ಅವರ ಹೆಸರಿನಲ್ಲೇ ಇದೆ. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಕಟ್ಟಿದರು. ಅವರ ಬುದ್ಧಿಗೆ ಎಲ್ಲಕ್ಕಿಂತ ಮೆಚ್ಚಾದದ್ದು ಚದುರಂಗದ ಕುದುರೆ.

ಕುದುರೆ ಎರಡೂವರೆ ಮನೆ ಹಾರುತ್ತದೆ ಎಂದು ಆಡುವವರೆಲ್ಲ ಹೇಳುತ್ತಾರೆ. ಹಾಸಿನ ನಡುವೆ ನಿಂತರೆ ಅದಕ್ಕೆ ಎಂಟು ದಾರಿ, ಮೂಲೆಯಲ್ಲಿ ನಿಂತರೆ ಎರಡೇ. ಹೀಗಿರುವಾಗ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು, ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟಬಾರದು. ಇದೇ ತುರಗಬಂಧ. ನಡೆದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲಿನ, ಪ್ರತಿ ಕಂಬಸಾಲಿನ ಮೊತ್ತ 260 ಆಗುವಂತೆ ಕುದುರೆಯನ್ನು ನಡೆಸುವುದು ಇನ್ನೂ ಕಠಿಣ. ಮುಮ್ಮಡಿಯವರು ಅಂಥ ಬಂಧವನ್ನೂ ರಚಿಸಿದ್ದಾರೆ. ಗಣಕಯಂತ್ರ ಇರದ ಕಾಲದಲ್ಲಿ ಕೈಬರಹದಲ್ಲಿ ಮಾಡಿದ ಕೆಲಸ ಇದು.

ತುರಗಬಂಧ ಮೂಲತಃ ಕವಿಗಳ ಸೊತ್ತು ಎಂಬುದು ಇಲ್ಲಿ ಮುಖ್ಯ. ಅನುಷ್ಟುಪ್ ಶ್ಲೋಕಕ್ಕೆ ಪಾದಕ್ಕೆ 8ರಂತೆ ನಾಲ್ಕು ಪಾದದಲ್ಲಿ 32 ಅಕ್ಷರ. ಚದುರಂಗದ ಅರ್ಧ ಹಾಸಿಗೂ 8ರಂತೆ ನಾಲ್ಕು ಸಾಲಿನಲ್ಲಿ 32 ಮನೆ. ಶ್ಲೋಕದ ಅಕ್ಷರಗಳನ್ನು ಮನೆಗೊಂದರಂತೆ ತುಂಬಿ ಕುದುರೆ ನಡೆಯಲ್ಲಿ ಓದಿದರೆ ಅರ್ಥವುಳ್ಳ ಶ್ಲೋಕ ಬರಬೇಕು. 9ನೆಯ ಶತಮಾನದ ಕಾಶ್ಮೀರದ ರುದ್ರಟನ ಕಾವ್ಯಾಲಂಕಾರದಲ್ಲಿ ಇದರ ಉದಾಹರಣೆ ಇದೆ. ಅಲ್ಲಿ ನೇರವಾಗಿ ಓದಿದರೂ ಕುದುರೆ ನಡೆಯಲ್ಲಿ ಓದಿದರೂ ಬರುವುದು ಅದೇ ಶ್ಲೋಕ. ವೇದಾಂತ ದೇಶಿಕರು ಪಾದುಕಾಸಹಸ್ರದಲ್ಲಿ ಇನ್ನೂ ಮುಂದೆ ಹೋದರು. ಒಂದು ಶ್ಲೋಕವನ್ನು ಕುದುರೆ ನಡೆಯಲ್ಲಿ ಓದಿದರೆ ಅದರ ಮುಂದಿನ ಶ್ಲೋಕವೇ ಹೊರಬರುತ್ತದೆ. ಛಂದಸ್ಸು, ಅರ್ಥ, ಕುದುರೆಯ ಕಾಲು, ಮೂರೂ ಒಟ್ಟಿಗೆ ಕೂಡಿಬರುವ ಈ ಕಲೆಯಲ್ಲಿ ಚದುರಂಗಕ್ಕೂ ನಾದಕ್ಕೂ ನಡುವೆ ಗೆರೆ ಎಳೆಯುವುದೇ ಕಷ್ಟ. ಮುಮ್ಮಡಿಯವರೂ ಹಾಸಿನ ಮೇಲೆ ಶ್ಲೋಕ ಹೆಣೆದ ಈ ಪರಂಪರೆಯವರೇ.

ಜಯಚಾಮರಾಜರ ಕೃತಿಗಳಿಗೆ ಚದುರಂಗವೇ ಪ್ರೇರಣೆ ಎಂದು ಹೇಳಿದರೆ ಅದು ಅತಿಯಾದೀತು. ಅವರ ಪ್ರೇರಣೆ ಶ್ರೀವಿದ್ಯೆಯ ಉಪಾಸನೆ. ಆದರೆ ರಾಗದ ಹೆಸರು, ಅಂಕಿತ, ತಾಳ ಎಂಬ ಮನೆಗಳಲ್ಲಿ ಅಕ್ಷರಗಳನ್ನು ಕೂಡಿಸುವ ಶಿಸ್ತು ಮುತ್ತಾತನದೇ ಶಿಸ್ತು.

ಮೈಸೂರಿನ ಹೊರಗೂ ಸಂಗೀತ ಮತ್ತು ಚದುರಂಗದ ಈ ನಂಟು ಮತ್ತೆ ಮತ್ತೆ ಕಾಣಿಸಿಕೊಂಡಿದೆ. 18ನೆಯ ಶತಮಾನದ ಫ್ರಾನ್ಸಿನ ಫಿಲಿಡೋರ್ ಒಪೆರಾ ಸಂಯೋಜಕ, ತನ್ನ ಕಾಲದ ಚದುರಂಗದಲ್ಲೂ ಅಗ್ರಗಣ್ಯ. ಪೇದೆಗಳೇ ಆಟದ ಜೀವ ಎಂದು 1749ರ ತನ್ನ ಪುಸ್ತಕದಲ್ಲಿ ತೋರಿಸಿಕೊಟ್ಟವನು. ಸಂಯೋಜಕ ಪ್ರೊಕೊಫಿಯೆವ್ 1914ರಲ್ಲಿ ಚದುರಂಗದ ದಿಗ್ಗಜ ಕಾಪಾಬ್ಲಾಂಕ ಒಮ್ಮೆಗೇ ಹಲವರೊಡನೆ ಆಡಿದ ಪಂದ್ಯದಲ್ಲಿ ಅವರನ್ನು ಸೋಲಿಸಿದ್ದರು. ಸಂಗೀತ, ಚದುರಂಗ ಎರಡನ್ನೂ ಪೂರ್ಣ ವೃತ್ತಿಯಾಗಿ ನಡೆಸಿದವರು ಸೋವಿಯತ್ ರಷ್ಯಾದ ಮಾರ್ಕ್ ತೈಮಾನೊವ್. ಅವರು ಗ್ರ್ಯಾಂಡ್‌ಮಾಸ್ಟರ್, ಹೆಂಡತಿ ಲ್ಯುಬೊವ್ ಬ್ರುಕ್ ಜೊತೆ ಜೋಡಿ ಪಿಯಾನೊ ಕಛೇರಿ ಕೊಟ್ಟವರು. 1971ರಲ್ಲಿ ವ್ಯಾಂಕೂವರಿನಲ್ಲಿ ಬಾಬಿ ಫಿಷರ್ ಎದುರು 6-0 ಅಂತರದಲ್ಲಿ ಸೋತ ಮೇಲೆ ಸೋವಿಯತ್ ಅಧಿಕಾರಿಗಳ ಅವಕೃಪೆಗೆ ಗುರಿಯಾದರು.

ರಾಜಪ್ರಮುಖ ಪದವಿ 1956ರಲ್ಲಿ ಕೊನೆಗೊಂಡ ಮೇಲೆ ಜಯಚಾಮರಾಜರು 1964ರವರೆಗೆ ಮೈಸೂರಿನ, ಆಮೇಲೆ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿದ್ದರು. ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರೂ ಆದರು. 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಅವರ 94 ಕೃತಿಗಳನ್ನು ವಾಸುದೇವಾಚಾರ್ಯರ ಮೊಮ್ಮಗ ಎಸ್. ಕೃಷ್ಣಮೂರ್ತಿಯವರು ಸಂಪಾದಿಸಿದ ಸಂಪುಟ 2010ರಲ್ಲಿ ಹೊರಬಂದಿದೆ. ಅವುಗಳಲ್ಲಿ ಕಛೇರಿಯಲ್ಲಿ ಕೇಳಸಿಗುವುದು ಕೆಲವೇ.

ಮುಮ್ಮಡಿಯವರ ಆಟದ ಹಾಸುಗಳು ಮೈಸೂರಿನ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲಿವೆ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಮೈಸೂರು. ಹರಿದಾಸಿ ಹರಪನಹಳ್ಳಿ ಭೀಮವ್ವನ ಹಾಡುಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ಈ ಸೀಮೆಯ ಸಂಗೀತ ಪಾಠಶಾಲೆಗಳು ಶ್ರೀವಿದ್ಯಾ ಅಂಕಿತದ ಒಂದೆರಡು ಕೃತಿಗಳನ್ನಾದರೂ ಮಕ್ಕಳಿಗೆ ಕಲಿಸಬೇಕು.