ಕಾರವಾರ, ಕುಮಟಾದಲ್ಲಿ ಮುಂದಿನ 5 ದಿನ 45 ಡಿಗ್ರಿ? ಮಾರ್ಚ್ ಬಂದರೆ ಹರಿದಾಡುವ ಸಂದೇಶದಲ್ಲಿ ನಿಜವೆಷ್ಟು?

ಹೋಳಿ, ಯುಗಾದಿ ಹತ್ತಿರವಾಗುತ್ತಿದ್ದಂತೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಹಳೆಯ ಸಂದೇಶ ಮತ್ತೆ ತಲೆ ಎತ್ತುತ್ತದೆ. ಸೂರ್ಯ ಭೂಮಧ್ಯರೇಖೆಯ ನೇರಕ್ಕೆ ಬರುವುದರಿಂದ ಮುಂದಿನ ಐದು ದಿನ ತಾಪಮಾನ ವಿಪರೀತ ಏರುತ್ತದೆ, ಮಧ್ಯಾಹ್ನ ಹೊರಗೆ ಹೋಗಬೇಡಿ, ಬಿಸಿಲಿಂದ ಬಂದವರು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ, ಎಲ್ಲರಿಗೂ ಕಳಿಸಿ. ಊರಿನ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಮಲೇಷ್ಯಾ, ಸಿಂಗಪುರದ ಹೆಸರಲ್ಲೂ ಇದೇ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಕಾರವಾರದಿಂದ ಭಟ್ಕಳದವರೆಗಿನ ಉತ್ತರ ಕನ್ನಡ ಕರಾವಳಿಯನ್ನು ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ. ಇಲ್ಲಿ ವಸಂತದ ಸೆಕೆ ಸುಳ್ಳಲ್ಲ, ಸಂದೇಶ ಹೇಳುವ ಕಾರಣ ಸುಳ್ಳು.

ಸೂರ್ಯ ಭೂಮಧ್ಯರೇಖೆಯ ನೇರಕ್ಕೆ ಬರುವುದು ಮಾರ್ಚ್ 20ರ ಆಸುಪಾಸಿನಲ್ಲಿ. ಅದು ಪ್ರತಿ ವರ್ಷ ನಡೆಯುವ ಸಂಗತಿ, ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ನಡೆಯುತ್ತದೆ. ಆಗ ಐದು ದಿನದ ಬಿಸಿಲಿನ ಸಂದೇಶ ಯಾರೂ ಕಳಿಸುವುದಿಲ್ಲ! ಕಾರವಾರ ಇರುವುದು ಭೂಮಧ್ಯರೇಖೆಯಿಂದ ಸುಮಾರು 15 ಡಿಗ್ರಿ ಉತ್ತರಕ್ಕೆ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಯ ಹೊತ್ತಿಗೆ. ಸೂರ್ಯನ ಸ್ಥಾನ ದಿನದಿಂದ ದಿನಕ್ಕೆ ಬಹಳ ನಿಧಾನವಾಗಿ ಬದಲಾಗುವುದರಿಂದ ಯಾವುದೋ ಐದು ದಿನ ಮಾತ್ರ ಏಕಾಏಕಿ ಕೆಂಡವಾಗಲು ಅದು ಕಾರಣ ಆಗಲಾರದು.

ಹಾಗಾದರೆ ಕರಾವಳಿಯಲ್ಲಿ ಕೆಲವು ದಿನ ಮಾತ್ರ ಯಾಕೆ ಅಷ್ಟೊಂದು ಸುಡುತ್ತದೆ? ಉತ್ತರ ಗಾಳಿಯಲ್ಲಿದೆ. ಬೆಳಿಗ್ಗೆ ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಸಮುದ್ರ ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರಿದಾಗ ಆ ಜಾಗಕ್ಕೆ ಸಮುದ್ರದ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಈ ಪಡುಗಾಳಿಯೇ ಕರಾವಳಿಯ ಏಸಿ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಕೆಲವು ದಿನ ಒಳನಾಡಿನಿಂದ ಒಣ ಮೂಡುಗಾಳಿ ಜೋರಾಗಿ ಬೀಸುತ್ತದೆ. ಅದು ಪಡುಗಾಳಿಯನ್ನು ಸಮುದ್ರದ ಮೇಲೇ ತಡೆದು ನಿಲ್ಲಿಸುತ್ತದೆ. ಹೊತ್ತೇರುವ ಮೊದಲೇ ಬರಬೇಕಾದ ತಂಪು ಮಧ್ಯಾಹ್ನ ಕಳೆದರೂ ಬಾರದಿದ್ದರೆ ತಾಪಮಾನ ಏರುತ್ತಲೇ ಹೋಗುತ್ತದೆ.

ಇದರ ಜೊತೆಗೆ ಘಟ್ಟದ ಕೈವಾಡವೂ ಇದೆ. ಒಣ ಗಾಳಿ ಮೇಲಿಂದ ಕೆಳಗಿಳಿಯುವಾಗ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ, ಪ್ರತಿ ಸಾವಿರ ಮೀಟರ್‌ಗೆ ಸುಮಾರು 10 ಡಿಗ್ರಿಯಂತೆ. ಸೈಕಲ್ ಪಂಪ್‌ನಲ್ಲಿ ಗಾಳಿ ಹೊಡೆಯುವಾಗ ಅದರ ತಳ ಬಿಸಿಯಾಗುತ್ತದಲ್ಲ, ಹಾಗೆ. ಶಿರಸಿಯ ಎತ್ತರ ಸುಮಾರು 600 ಮೀಟರ್. ಆ ಎತ್ತರದಿಂದ ಕುಮಟಾ ಬಯಲಿಗೆ ಇಳಿದ ಗಾಳಿ ಬರೀ ಇಳಿದದ್ದಕ್ಕೇ ಸುಮಾರು 6 ಡಿಗ್ರಿ ಬಿಸಿಯಾಗಿರುತ್ತದೆ. 2025ರ ಫೆಬ್ರವರಿ ಕೊನೆಯ ವಾರದಲ್ಲಿ, ಬೇಸಿಗೆ ಶುರುವಾಗುವ ಮೊದಲೇ, ಗೋವಾ ಮತ್ತು ಕರಾವಳಿ ಕರ್ನಾಟಕಕ್ಕೆ ಹವಾಮಾನ ಇಲಾಖೆ ಬಿಸಿಗಾಳಿ ಎಚ್ಚರಿಕೆ ಕೊಟ್ಟಿದ್ದು ನೆನಪಿರಬಹುದು.

ಇನ್ನು 45 ಎಂಬ ಸಂಖ್ಯೆ. ಫೋನ್‌ನ ಹವಾಮಾನ ಆ್ಯಪ್‌ಗಳಲ್ಲಿ ಎರಡು ಅಂಕಿ ಇರುತ್ತವೆ. ಒಂದು ಗಾಳಿಯ ತಾಪಮಾನ, ಇನ್ನೊಂದು ಮೈಗೆ ಎಷ್ಟು ಬಿಸಿ ಅನಿಸುತ್ತದೆ ಎಂಬ ಲೆಕ್ಕ. ತಾಪಮಾನ 33 ಡಿಗ್ರಿ ಇದ್ದು ತೇವಾಂಶ ಶೇ 70 ಇದ್ದರೆ ಎರಡನೆಯ ಅಂಕಿ ಸುಮಾರು 43 ಆಗುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು ‘ನಮ್ಮೂರಲ್ಲಿ 43 ಡಿಗ್ರಿ’ ಎಂದು ಹಾಕಿದರೆ ಅರ್ಥವೇ ಬದಲಾಯಿತು. ಹಾಗಂತ ಆ ಅಂಕಿಯನ್ನು ತಳ್ಳಿಹಾಕುವಂತೆಯೂ ಇಲ್ಲ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ತೇವ ತುಂಬಿದ ಗಾಳಿಯಲ್ಲಿ ಬೆವರು ಇಳಿಯುತ್ತದೆ, ಆರುವುದಿಲ್ಲ.

ಇದೇ ಕಾರಣಕ್ಕೆ ಬಿಸಿಗಾಳಿ ಘೋಷಣೆಯ ಅಳತೆಗೋಲು ಕರಾವಳಿಗೆ ಬೇರೆ. ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಸಾಕು, ಆದರೆ ಅದು ಆ ಹೊತ್ತಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ‘ಕಲಬುರಗಿಯವರು 42ರಲ್ಲಿ ಬದುಕುತ್ತಾರೆ, ನಿಮಗೆ 37ಕ್ಕೇ ಎಚ್ಚರಿಕೆಯಾ’ ಎಂಬ ತಮಾಷೆಯ ಪೋಸ್ಟ್‌ಗಳನ್ನು ನಾವೂ ನೋಡಿದ್ದೇವೆ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ದುಡಿಯುವವರಿಗೆ, ಹೆದ್ದಾರಿ ಬದಿ ಕುಮಟಾದ ಸಿಹಿ ಈರುಳ್ಳಿ ಮಾರಲು ಕೂತವರಿಗೆ ಅದು ತಮಾಷೆಯಲ್ಲ. ಅಂದಹಾಗೆ, ಉತ್ತರ ಕರ್ನಾಟಕದ ಎಚ್ಚರಿಕೆಯನ್ನು ಉತ್ತರ ಕನ್ನಡದ್ದು ಎಂದು ಓದಿಕೊಳ್ಳುವುದೂ ಸುಲಭ. ಇಲಾಖೆಯ ವಿಂಗಡಣೆಯಲ್ಲಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಸೇರಿದರೆ ‘ಕರಾವಳಿ ಕರ್ನಾಟಕ’. ಕಲಬುರಗಿ, ವಿಜಯಪುರದ ಕಡೆಯದು ‘ಉತ್ತರ ಒಳನಾಡು’.

ಸಂದೇಶದಲ್ಲಿ ನಮಗೆ ನಿಜಕ್ಕೂ ಭಯ ಹುಟ್ಟಿಸುವುದು ತಣ್ಣೀರಿನ ಸಾಲು. ಬಿಸಿಲಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುವುದಿಲ್ಲ. ತುಂಬಾ ತಣ್ಣಗಿದ್ದರೆ ಕೆಲವರಿಗೆ ಹಣೆ ಚುರುಕ್ಕೆನ್ನಬಹುದು, ಅಷ್ಟೇ. ಆದರೆ ಈ ಮಾತು ನಂಬಿದವರು ಶಾಖಾಘಾತವಾದವರ ಮೈಗೆ ನೀರು ಹಾಕಲು ಹಿಂಜರಿದರೆ ಜೀವವೇ ಹೋಗಬಹುದು. ಬಿಸಿಲಲ್ಲಿದ್ದವರು ತಡವರಿಸಿ ಮಾತಾಡುತ್ತಿದ್ದರೆ, ಗೊಂದಲಗೊಂಡಿದ್ದರೆ, ಪ್ರಜ್ಞೆ ತಪ್ಪಿ ಮೈ ಸುಡುತ್ತಿದ್ದರೆ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ಕಾಯುತ್ತಾ ಕೂರಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಹಾಕಿ, ಗಾಳಿ ಬೀಸಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಆಸ್ಪತ್ರೆಯಲ್ಲೂ ಮೊದಲು ಮಾಡುವುದು ಮೈ ತಂಪಾಗಿಸುವ ಕೆಲಸವನ್ನೇ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಫೆಬ್ರವರಿ ಕೊನೆಯಲ್ಲಿ ಇಲಾಖೆ ಮಾರ್ಚ್‌ನಿಂದ ಮೇವರೆಗಿನ ಮುನ್ನೋಟ ಪ್ರಕಟಿಸುತ್ತದೆ. ಅದರಲ್ಲಿ ‘ವಾಡಿಕೆಗಿಂತ ಹೆಚ್ಚು ತಾಪಮಾನದ ಸಾಧ್ಯತೆ’ ಎಂದಿದ್ದರೆ ಅದು ಮೂರು ತಿಂಗಳ ಸರಾಸರಿಯ ಮಾತು. ಕುಮಟಾದಲ್ಲಿ ಮುಂದಿನ ಮಂಗಳವಾರ ಎಷ್ಟು ಡಿಗ್ರಿ ಎಂಬುದು ಅದರಲ್ಲಿ ಇರುವುದಿಲ್ಲ. ಅದಕ್ಕೆ ದಿನವೂ ಬರುವ ಜಿಲ್ಲಾವಾರು ಮುನ್ಸೂಚನೆಯನ್ನೇ ‘ಮೌಸಮ್’ ಆ್ಯಪ್‌ನಲ್ಲಿ ನೋಡಬೇಕು. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮಕ್ಕೆ ಇಳಿಯಿರಿ. ಹಂಚುವ ಮುನ್ನ ದಿನಾಂಕ ನೋಡಿ. ತಾರೀಕು, ಇಸವಿ ಇಲ್ಲದ ಎಚ್ಚರಿಕೆ ಯಾವ ವರ್ಷದ್ದೂ ಆಗಿರಬಹುದು.

ಏಪ್ರಿಲ್ ದಾಟಿದ ಮೇಲೆ ಆತಂಕದ ಸ್ವರೂಪ ಬೇರೆಯಾಗುತ್ತದೆ. ಸಂಜೆ ಹೊತ್ತು ಘಟ್ಟದ ಕಡೆಯಿಂದ ಗುಡುಗು, ಸಿಡಿಲಿನ ಮಳೆ ಶುರುವಾಗುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ನೀವಿರುವ ಜಾಗದ ಸುತ್ತಮುತ್ತ ಸಿಡಿಲು ಹೊಡೆಯುತ್ತಿದ್ದರೆ ತಿಳಿಸುತ್ತದೆ. ಮೇನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದೂ ಉಂಟು. 2021ರ ಮೇನಲ್ಲಿ ‘ತೌಕ್ತೆ’ ನೆಲಕ್ಕೆ ಅಪ್ಪಳಿಸಿದ್ದು ಗುಜರಾತಿನಲ್ಲಿ, ಆದರೆ ಹಾದು ಹೋಗುತ್ತಲೇ ನಮ್ಮ ಕರಾವಳಿಯನ್ನೂ ಕಡಲ್ಕೊರೆತಕ್ಕೆ ದೂಡಿತ್ತು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಷೇಧ ಶುರುವಾಗುವುದೂ ಅಂದೇ. ಆದರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಬಂದಿತ್ತು. ಹಾಗಾಗಿ ಮೇ ಕೊನೆಯ ವಾರ ಕಡಲಿಗೆ ಇಳಿಯುವವರು ಕ್ಯಾಲೆಂಡರ್ ನಂಬದೆ, ಮೀನುಗಾರರಿಗೆಂದೇ ಇಲಾಖೆ ಹೊರಡಿಸುವ ಎಚ್ಚರಿಕೆಯನ್ನೂ, ಹೈದರಾಬಾದಿನ ‘ಇನ್‌ಕಾಯಿಸ್’ ಕೊಡುವ ಅಲೆಗಳ ಮುನ್ಸೂಚನೆಯನ್ನೂ ಅದೇ ದಿನ ನೋಡಿಕೊಂಡು ಹೊರಡಬೇಕು.